ಮಟ್ಟೆಯೊಳಗಿನ ಸಸಿಮಡಿ

ಹಿತ್ತಲ ಚಪ್ಪಡಿ ಕಲ್ಲಿನ ಮೇಲೆ ಮರೆತುಬಿಟ್ಟಿದ್ದ ತೆಂಗಿನಕಾಯಿಯೊಂದು ಮೊಳೆತಿತ್ತು. ಒಳಗಿನ ಸಿಹಿ ಮೊಳಕೆ ತಿನ್ನುವ ಆಸೆಗೆ ಸುಲಿಯಲು ಕೂತೆ. ಮಟ್ಟೆಯ ಮೊದಲ ಹೋಳು ಕಿತ್ತು ಬಂದದ್ದೇ ತಡ, ಕೈ ಅಲ್ಲೇ ನಿಂತುಬಿಟ್ಟಿತು. ಬೇರುಗಳು! ಮಣ್ಣನ್ನೇ ಮುಟ್ಟದ ಕಾಯಿ ಅದು. ಹೊರಗೆ ಒಂದೇ ಒಂದು ಬೇರೂ ಇಣುಕಿರಲಿಲ್ಲ. ಆದರೆ ಒಳಗೆ, ನಾರಿನ ಸಂದುಸಂದಿನಲ್ಲಿ, ದಪ್ಪ ಬಿಳಿ ಬೇರುಗಳು ದಾರಿ ಮಾಡಿಕೊಂಡು ಸುತ್ತಾಡುತ್ತಿದ್ದವು. ಅವುಗಳ ಮೈಗೆಲ್ಲ ಕಂದು ಹುಡಿ ಮೆತ್ತಿಕೊಂಡಿತ್ತು.

ಆ ಹುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಗುರುತು ಸಿಕ್ಕಿತು. ನಮ್ಮ ತಾರಸಿಯ ಕುಂಡಗಳಿಗೆ ಎರಡು ವರ್ಷದಿಂದ ತುಂಬುತ್ತಿರುವ ಕೊಕೊಪೀಟ್!

ಅದನ್ನು ನಾನು ಯಾರೋ ಕಂಡುಹಿಡಿದ ಹೊಸ ಸರಕು ಎಂದೇ ತಿಳಿದಿದ್ದೆ. ಆದರೆ ತೆಂಗಿನ ಮರ ತನ್ನ ಮಗುವಿಗೆ ಕುಡಿಯಲು ನೀರು, ತಿನ್ನಲು ತಿರುಳು, ಬೇರೂರಲು ಸಸಿಮಡಿ, ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕಳಿಸುತ್ತದೆ. ಕಡಲಲ್ಲಿ ತೇಲಿ ಯಾವುದೋ ಮರಳದಂಡೆ ಸೇರಿದ ಕಾಯಿಯ ಬೇರು ಮೊದಲು ಬೆಳೆಯುವುದು ಈ ಮಟ್ಟೆಯೊಳಗೇ. ಆಮೇಲಷ್ಟೇ ಹೊರಗಿನ ನೆಲ!

ಅವತ್ತೇ 5 ಕಿಲೋದ ಒಣ ಕೊಕೊಪೀಟ್ ಇಟ್ಟಿಗೆಯೊಂದನ್ನು ದೊಡ್ಡ ಟಬ್ಬಿಗೆ ಹಾಕಿ ನೀರು ಸುರಿದೆ. ಎಷ್ಟೋ ಸಲ ಮಾಡಿದ ಕೆಲಸ. ಆದರೆ ಕಣ್ಣಿಟ್ಟು ನೋಡಿದ್ದು ಅವತ್ತೇ. ಮೊದಲು ಮೂಲೆಗಳು ಉದುರಿದವು, ಆಮೇಲೆ ಮೈಯೆಲ್ಲ ಬಿರಿಯಿತು. ಇನ್ನಷ್ಟು ನೀರು, ಇನ್ನಷ್ಟು ಹುಡಿ! ಒಂದು ಇಟ್ಟಿಗೆ ಸುಮಾರು 70 ಲೀಟರಿನಷ್ಟು ಉಬ್ಬುತ್ತದೆ. ತನ್ನ ತೂಕದ ಎಂಟು ಪಟ್ಟು ನೀರನ್ನು ಹಿಡಿದಿಡುತ್ತದೆ. ಒಂದೊಂದು ಕಣವೂ ಜೇನುಗೂಡಿನಂತೆ ಟೊಳ್ಳು ಕೋಣೆಗಳ ರಾಶಿ. ನೀರು ಕೋಣೆಗಳೊಳಗೆ ಕೂರುತ್ತದೆ, ಕಣ ಕಣದ ನಡುವೆ ಗಾಳಿ ಉಳಿಯುತ್ತದೆ. ಜಿಗುಟು ಮಣ್ಣಿಗೆ ನೀರು ಹೆಚ್ಚಾದರೆ ಬೇರಿಗೆ ಉಸಿರು ಕಟ್ಟುತ್ತದೆ. ಇಲ್ಲಿ ಬೇರು ಕುಡಿಯುತ್ತಲೇ ಉಸಿರಾಡುತ್ತದೆ!

ಇಂಥ ಹುಡಿಯನ್ನು ನಾವು ಎಲ್ಲಿ ಸುರಿದಿದ್ದೆವು ಗೊತ್ತೇ? ರಸ್ತೆ ಬದಿಗೆ. ಗುಬ್ಬಿ, ತಿಪಟೂರು ದಾಟಿ ಅರಸೀಕೆರೆ ಕಡೆಗೆ ಹೋದವರು ನಾರಿನ ಕಾರ್ಖಾನೆಗಳ ಪಕ್ಕದ ಕಂದು ಗುಡ್ಡಗಳನ್ನು ಕಂಡಿರುತ್ತೀರಿ. ಒಂದು ಕಿಲೋ ನಾರು ತೆಗೆದರೆ ಸುಮಾರು ಎರಡು ಕಿಲೋ ಹುಡಿ ಉದುರುತ್ತದೆ. ಲಿಗ್ನಿನ್ ಎಂಬ ಗಡಸು ಪದಾರ್ಥ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ. ಮಳೆ ಬಂದರೆ ಚಹಾ ಬಣ್ಣದ ಒಗರು ನೀರು ಇಳಿಯುತ್ತದೆ. ಆ ಹಟಮಾರಿ ಗುಡ್ಡವನ್ನು ಕರಗಿಸುವವರೂ ಸಿಕ್ಕಿದರು: ಅಣಬೆಗಳು! ಹುಡಿಗೆ ಯೂರಿಯಾ, ಅಣಬೆ ಬೀಜ ಪದರಪದರವಾಗಿ ಹಾಕಿ ತೇವ ಕಾಯ್ದರೆ ಸುಮಾರು 30 ದಿನದಲ್ಲಿ ಕಪ್ಪು ಗೊಬ್ಬರ. ಈ ವಿಧಾನವನ್ನು ಬೆಳೆಸಿದ್ದು ಕಾಯರ್ ಬೋರ್ಡು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹುದುಗಿಸಿದ ಕೊಕೊಪೀಟನ್ನೇ 'ಅರ್ಕಾ' ಹೆಸರಿನಲ್ಲಿ ರೂಪಿಸಿದೆ.

ಹೋದ ವರ್ಷ ಇದೇ ಹುಡಿಯಲ್ಲಿ ಬೆಳೆಸಿದ ನನ್ನ ಟೊಮೆಟೊ ಸಸಿಗಳ ಎಲೆಯಂಚುಗಳು ಸುಟ್ಟಂತಾಗಿ ಒಣಗಿದ್ದವು. ಅದರ ಗುಟ್ಟೂ ಈ ಮಟ್ಟೆಯಲ್ಲೇ ಇದೆ. ಮಟ್ಟೆಯ ತುಂಬ ಪೊಟ್ಯಾಷ್, ಜೊತೆಗೆ ಉಪ್ಪು. ತೆಂಗಿನ ಮಗುವಿಗೆ ಅದು ಬುತ್ತಿ. ಟೊಮೆಟೊ ಮಗುವಿಗೆ ಖಾರ! ಅದಕ್ಕೇ ನೆನೆಸಿ, ಹಿಂಡಿ, ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು. ಅಷ್ಟಾದರೂ ಒಂದಿಷ್ಟು ಪೊಟ್ಯಾಷ್, ಸೋಡಿಯಂ ಕಣಗಳಿಗೆ ಅಂಟಿಕೊಂಡೇ ಇರುತ್ತವೆ. ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ತೆಳು ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿದರೆ ಕ್ಯಾಲ್ಸಿಯಂ ಹೋಗಿ ಅವುಗಳ ಜಾಗದಲ್ಲಿ ಕೂತು, ಅವನ್ನು ಎಬ್ಬಿಸಿ ಕಳಿಸುತ್ತದೆ. ಇದು ನಡೆಯುವುದು ನಮ್ಮ ಪ್ಲಾಸ್ಟಿಕ್ ಬಕೆಟ್ಟಿನೊಳಗೆ!

ಹಾಗಂತ ಬರೀ ಹುಡಿಯಲ್ಲಿ ಗಿಡ ಹೊಟ್ಟೆ ತುಂಬಿಸಿಕೊಳ್ಳಲಾರದು. ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ನಾನು ಒಂದು ಪಾಲು ತೊಳೆದ ಹುಡಿ, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೆಂಪುಮಣ್ಣು ಬೆರೆಸುತ್ತೇನೆ. ಮೇಲ್ಭಾಗ ಒಣಗಿ ಬೆಳ್ಳಗೆ ಕಂಡರೂ ಒಳಗೆ ಒದ್ದೆಯಿರುತ್ತದೆ. ಬೆರಳು ಅದ್ದಿ ನೋಡದೆ ನೀರು ಹಾಕುವುದಿಲ್ಲ.

ಆ ಮೊಳಕೆಯನ್ನು ತಿನ್ನಲು ಮನಸ್ಸು ಬರಲಿಲ್ಲ. ಕಿತ್ತ ಹೋಳನ್ನು ಅದರ ಜಾಗಕ್ಕೇ ಕೂರಿಸಿ, ತೆಂಗಿನ ಹುರಿಯಲ್ಲೇ ಬಿಗಿದು, ನೀರು ಚಿಮುಕಿಸಿ ನೆರಳಿಗಿಟ್ಟೆ. ಹದಿನೆಂಟು ದಿನವಾಯಿತು. ಇವತ್ತು ಬೆಳಿಗ್ಗೆ ಎತ್ತಿ ನೋಡಿದೆ. ಮಟ್ಟೆಯ ತಳ ಸೀಳಿಕೊಂಡು, ಅಕ್ಕಿಕಾಳಿನಷ್ಟು ಬಿಳಿ ತುದಿಯೊಂದು ಹೊರಬಂದಿದೆ!