ಕುಂಬಾರ ಗುಡ್ಡದ ಎತ್ತರ

ಗುರಿಯ ದೂರ, ಎತ್ತರ ಮತ್ತು ವೇಗಗಳನ್ನು ಅಳೆದು, ಗುಂಡು ಎಲ್ಲಿ ಬೀಳುವುದೆಂದು ಲೆಕ್ಕಹಾಕಿ, ಅದಕ್ಕೆ ತಕ್ಕಂತೆ ತೋಪಿನ ನಳಿಗೆಯನ್ನು ತಿರುಗಿಸುವ ಏರ್ಪಾಡನ್ನು ಸೇನೆಯವರು ‘ಫೈರ್ ಕಂಟ್ರೋಲ್’ ಎನ್ನುತ್ತಾರೆ. ರಾಡಾರು, ಕಂಪ್ಯೂಟರುಗಳು ಈ ಕೆಲಸಕ್ಕೆ ಒದಗಿದ್ದು ಇಪ್ಪತ್ತನೆಯ ಶತಮಾನದಲ್ಲಾದರೂ, ಎತ್ತರದ ಲೆಕ್ಕ ತಪ್ಪಿದವನಿಗೆ ಒದಗಿದ ಗತಿಯನ್ನು ಬಳ್ಳಾರಿ ಅದಕ್ಕೂ ಮೊದಲೇ ಕಥೆಯಾಗಿ ಹೇಳಿಕೊಂಡು ಬಂದಿದೆ.

ವಿಜಯನಗರದ ಸಾಮಂತ ಹನುಮಪ್ಪ ನಾಯಕ ಬಳ್ಳಾರಿ ಗುಡ್ಡದ ಮೇಲೆ ಕಟ್ಟಿಸಿದ ಕೋಟೆ ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯ ವಶವಾಯಿತು. ಹೈದರನು ಫ್ರೆಂಚ್ ಎಂಜಿನಿಯರನೊಬ್ಬನನ್ನು ನೇಮಿಸಿ, ಮೇಲಿನ ಕೋಟೆಯನ್ನು ದುರಸ್ತಿ ಮಾಡಿಸಿ, ಬುಡದಲ್ಲಿ ಕೆಳಕೋಟೆಯನ್ನೂ ಕಟ್ಟಿಸಿದನು. ಕೆಲಸವೆಲ್ಲ ಮುಗಿದ ಮೇಲೆ, ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿದೆಯೆಂಬುದು ಬೆಳಕಿಗೆ ಬಂದಿತಂತೆ. ಅಲ್ಲಿಗೆ ತೋಪು ಏರಿಸಿದ ಶತ್ರುವಿಗೆ ಕೋಟೆಯ ಒಳಗೆಲ್ಲ ಕಾಣುವುದಲ್ಲದೆ, ಅವನ ಗುಂಡು ಇಳಿದು ಬರುವಾಗ ಕೋಟೆಯ ಗುಂಡು ಏರಿ ಹೋಗಬೇಕಾಗುತ್ತದೆ. ಕೆರಳಿದ ಹೈದರನು ಎಂಜಿನಿಯರನನ್ನು ಪೂರ್ವದ ಬಾಗಿಲ ಬಳಿ ಗಲ್ಲಿಗೇರಿಸಿದನೆಂದು ಪ್ರತೀತಿ. ಅಲ್ಲಿರುವ ಗೋರಿಯನ್ನು ಅವನದೆಂದು ತೋರಿಸುವವರಿದ್ದಾರೆ, ಅದು ಮುಸ್ಲಿಂ ಸಂತರೊಬ್ಬರದೆನ್ನುವವರೂ ಇದ್ದಾರೆ.

ಬಳ್ಳಾರಿಯ ನೆರೆಯ ಕೊಳಗಲ್ಲಿನ ಶಾಸನವು ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮರಣವನ್ನೂ ಖೊಟ್ಟಿಗನ ಪಟ್ಟವನ್ನೂ ಕ್ರಿ.ಶ. 967ರಲ್ಲೇ ಕಲ್ಲಿನಲ್ಲಿ ದಾಖಲಿಸಿಟ್ಟಿರುವಾಗ, ಅದಕ್ಕಿಂತ ಎಂಟುನೂರು ವರ್ಷ ಈಚಿನ ಈ ಎಂಜಿನಿಯರನ ಹೆಸರನ್ನೂ ಕಥೆ ಉಳಿಸಿಕೊಂಡಿಲ್ಲವೆಂಬುದು ಬೇಸರದ ಸಂಗತಿ. ಕಣ್ಣಿಗೆ ರಾಚುವಂತಿರುವ ಗುಡ್ಡವೊಂದು ಕೋಟೆ ಮುಗಿಯುವವರೆಗೂ ಯಾರಿಗೂ ಕಾಣಲಿಲ್ಲವೆಂಬುದನ್ನು ನಂಬುವುದೂ ಕಷ್ಟವೇ. ಅಲ್ಲದೆ ಜಾಗವನ್ನು ಆರಿಸಿದವನು ಹನುಮಪ್ಪ ನಾಯಕನೇ ಹೊರತು ಫ್ರೆಂಚನಲ್ಲ. ಬಾಗಿಲು, ಬುರುಜುಗಳನ್ನು ಬದಲಿಸಬಹುದಿತ್ತು, ಗುಡ್ಡವನ್ನು ಬದಲಿಸುವಂತಿರಲಿಲ್ಲ. ಹಾಗಾಗಿ ಕಿತ್ತೆಸೆಯಲು ಸಿಕ್ಕ ಬಿಡಿಭಾಗ ಎಂಜಿನಿಯರನೊಬ್ಬನೇ.

ತೋಪಿನ ಗುರಿಯನ್ನು ಲೆಕ್ಕಹಾಕುವ ಕೆಲಸ ಕರ್ನಾಟಕದಲ್ಲಿ ಕಾರ್ಖಾನೆಯ ರೂಪ ಪಡೆದದ್ದೂ ಫ್ರೆಂಚರ ನೆರವಿನಿಂದಲೇ ಎಂಬುದು ವಿಚಿತ್ರ. ಸೇನೆಯ ಎಲೆಕ್ಟ್ರಾನಿಕ್ ಉಪಕರಣಗಳಿಗಾಗಿ 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿಇಎಲ್‌ಗೆ ಆರಂಭದ ತಂತ್ರಜ್ಞಾನ ಬಂದದ್ದು ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯಿಂದ. ವಿಮಾನವಿರೋಧಿ ತೋಪುಗಳಿಗೆ ಗುರಿ ತೋರಿಸುವ ಫ್ಲೈಕ್ಯಾಚರ್ ರಾಡಾರನ್ನು ಅದು ಮುಂದೆ ಡಚ್ಚರ ಸಿಗ್ನಾಲ್ ಕಂಪನಿಯ ಪರವಾನಗಿಯಲ್ಲಿ ತಯಾರಿಸಿತು. ಇಂಥ ತೋಪುಗಳಲ್ಲೊಂದಾದ, ಸ್ವೀಡನ್ನಿನ ಬೋಫೋರ್ಸ್ ವಿನ್ಯಾಸದ 40 ಮಿಲಿಮೀಟರಿನ ಎಲ್-70ಯ ಗುಂಡು ಸೆಕೆಂಡಿಗೆ ಸುಮಾರು 1,000 ಮೀಟರು ವೇಗದಲ್ಲಿ ಹೊರಟು, ದಾರಿಯುದ್ದಕ್ಕೂ ವೇಗ ಕಳೆದುಕೊಳ್ಳುತ್ತ, 3 ಕಿಲೋಮೀಟರು ತಲುಪಲು 3 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಸೆಕೆಂಡಿಗೆ 250 ಮೀಟರು ಹಾರುವ ವಿಮಾನ ಮುಕ್ಕಾಲು ಕಿಲೋಮೀಟರಿಗೂ ಮುಂದೆ ಸಾಗಿರುವುದರಿಂದ, ಗುರಿಯಿಡಬೇಕಾದದ್ದು ವಿಮಾನ ಕಾಣುವ ಕಡೆಗಲ್ಲ, ಅದು ಇನ್ನೂ ತಲುಪದ ಬರಿಯ ಆಕಾಶಕ್ಕೆ.

1960ರ ದಶಕದಲ್ಲಿ ಭಾರತದ ಸೇನೆ ಸೇರಿದ ಈ ತೋಪಿನ ಉಕ್ಕು ದಶಕಗಳವರೆಗೆ ಬಾಳಿದರೂ, ಗುರಿ ಹಿಡಿಯುವ ಹಳೆಯ ಭಾಗಗಳು ಕಾಲಕ್ಕೆ ಹಿಂದೆ ಬಿದ್ದವು. ಹಾಗಾಗಿ ಬಿಇಎಲ್ ತೋಪನ್ನು ಉಳಿಸಿಕೊಂಡು, ಹಗಲಿನ ಕ್ಯಾಮೆರಾ, ಶಾಖದಿಂದ ಗುರಿ ಕಾಣುವ ಥರ್ಮಲ್ ಕ್ಯಾಮೆರಾ, ದೂರ ಅಳೆಯುವ ಲೇಸರುಗಳನ್ನು ಹೊಸದಾಗಿ ಕೂರಿಸಿತು. ಇವುಗಳ ಜೊತೆಗೆ ನಳಿಗೆಯಿಂದ ಹೊರಬೀಳುವ ಗುಂಡಿನ ವೇಗವನ್ನು ಅಳೆಯುವ ಪುಟ್ಟ ರಾಡಾರೊಂದೂ ಬಂದಿತು. ಹಾರಿಸಿದಷ್ಟೂ ನಳಿಗೆಯ ಒಳಮೈ ಸವೆದು ಗುಂಡಿನ ವೇಗ ಕುಗ್ಗುವುದರಿಂದ, ಆ ಅಳತೆಯನ್ನು ಹಿಡಿದು ಕಂಪ್ಯೂಟರು ಗುರಿಯನ್ನು ತಿದ್ದುತ್ತದೆ; ತಿದ್ದುವುದಕ್ಕೂ ಮೀರಿ ವೇಗ ಇಳಿದಾಗ ಹಳೆಯ ನಳಿಗೆಯನ್ನು ಕಳಚಿ ಹೊಸದನ್ನು ತೊಡಿಸಬೇಕಾಗುತ್ತದೆ.