ಸಮವಸ್ತ್ರದ ವಂದನೆ: ಯಾರು, ಯಾರಿಗೆ, ಏಕೆ?

ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಸಮವಸ್ತ್ರಧಾರಿಗಳು ಅಪರಿಚಿತರಲ್ಲ. ಠಾಣೆಯ ಕೋಲ್ಶೇತ್‌ನಲ್ಲಿ ವಾಯುಪಡೆಯ ಕೇಂದ್ರವಿದೆ. ನವಿ ಮುಂಬಯಿಯ ನೆರೆಯ ಉರಣ್ ಬಳಿ, ಕರಂಜಾದಲ್ಲಿ ನೌಕಾಪಡೆಯ ನೆಲೆಯಿದೆ. ನೆರೂಳ್ ಸಮೀಪದ ಕರಾವೆಯಲ್ಲಿ ವಾಣಿಜ್ಯ ಹಡಗುಗಳ ಅಧಿಕಾರಿಗಳನ್ನು ರೂಪಿಸುವ ‘ಚಾಣಕ್ಯ’ ತರಬೇತಿ ಸಂಸ್ಥೆಯಿದೆ. ಕಲ್ಯಾಣದ ಮಗ್ಗುಲಿನ ಉಲ್ಲಾಸನಗರವಂತೂ ಎರಡನೆಯ ಮಹಾಯುದ್ಧ ಕಾಲದ ಸೇನಾ ಶಿಬಿರದ ನೆಲದಲ್ಲಿಯೇ ಬೆಳೆದ ಊರು. ಆದುದರಿಂದ ಶಾಲೆಯ ಧ್ವಜಾರೋಹಣದಲ್ಲಿಯೋ, ವೈದ್ಯರ ಅಥವಾ ಇಂಜಿನಿಯರರ ಸಮ್ಮೇಳನದಲ್ಲಿಯೋ ಬೇರೆ ಬೇರೆ ಪಡೆಗಳ ಅಧಿಕಾರಿಗಳು ಒಂದೇ ವೇದಿಕೆಯಲ್ಲಿ ಕಾಣಸಿಗುವುದುಂಟು. ಒಬ್ಬರು ಕೈಯೆತ್ತಿ ವಂದಿಸುತ್ತಾರೆ, ಇನ್ನೊಬ್ಬರು ನೆಟ್ಟಗೆ ನಿಂತು ಸುಮ್ಮನಾಗುತ್ತಾರೆ. ನೋಡುವವರು ಇದನ್ನು ಅಗೌರವವೆಂದು ಬಗೆಯುವ ಪ್ರಸಂಗಗಳು ಇಲ್ಲದಿಲ್ಲ.

ಮೊದಲು ತಿಳಿಯಬೇಕಾದುದೆಂದರೆ, ವಂದನೆ ಸಲ್ಲುವುದು ವ್ಯಕ್ತಿಗಲ್ಲ. ಸಶಸ್ತ್ರ ಪಡೆಗಳ ಅಧಿಕಾರಿಗೆ ರಾಷ್ಟ್ರಪತಿಯವರು ನೀಡುವ ಅಧಿಕಾರಪತ್ರಕ್ಕೆ ‘ಕಮಿಷನ್’ ಎಂದು ಹೆಸರು. ಕಿರಿಯರು ವಂದಿಸುವುದು ಆ ಕಮಿಷನ್ನಿಗೆ. ಹೀಗಾಗಿ ಇಪ್ಪತ್ತೆರಡು ವರ್ಷದ ಲೆಫ್ಟಿನೆಂಟನಿಗೆ ತಂದೆಯ ವಯಸ್ಸಿನ ಸುಬೇದಾರರು ವಂದಿಸುತ್ತಾರೆ. ಇದರಲ್ಲಿ ಸುಬೇದಾರರ ಅನುಭವಕ್ಕೆ ಕುಂದೇನೂ ಇಲ್ಲ. ಕಿರಿಯರು ಮೊದಲು ವಂದಿಸತಕ್ಕದ್ದು, ಹಿರಿಯರು ಅದನ್ನು ತಪ್ಪದೆ ಹಿಂದಿರುಗಿಸತಕ್ಕದ್ದು. ಈ ಎರಡನೆಯ ಕರ್ತವ್ಯವನ್ನು ಜನಸಾಮಾನ್ಯರು ಗಮನಿಸುವುದು ಕಡಿಮೆ. ಪ್ರತಿವಂದನೆ ಮಾಡದ ಹಿರಿಯ ಅಧಿಕಾರಿಯೂ ಶಿಷ್ಟಾಚಾರ ತಪ್ಪಿದವರೇ.

ಕೊಡಗಿನ ಕೆ. ಎಂ. ಕಾರ್ಯಪ್ಪನವರ ವೃತ್ತಿಜೀವನದಲ್ಲಿ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. 1919ರಲ್ಲಿ ಅವರು ಪಡೆದದ್ದು ಬ್ರಿಟಿಷ್ ದೊರೆಯ ಹೆಸರಿನ ಕಮಿಷನ್. 1949ರ ಜನವರಿ 15ರಂದು ಅವರು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನು ಇಂದಿಗೂ ಸೇನಾ ದಿನವೆಂದು ಆಚರಿಸಲಾಗುತ್ತಿದೆ. ಮರುವರ್ಷ ಗಣರಾಜ್ಯ ಸ್ಥಾಪನೆಯಾದಾಗ ಪಡೆಗಳ ಸರ್ವೋಚ್ಚ ದಂಡನಾಯಕತ್ವ ರಾಷ್ಟ್ರಪತಿಯವರಿಗೆ ಸೇರಿತು. ಕೈ ಏರುವ ರೀತಿ ಬದಲಾಗಲಿಲ್ಲ, ಅದು ಯಾರ ಅಧಿಕಾರವನ್ನು ಮನ್ನಿಸುತ್ತದೆಂಬುದು ಬದಲಾಯಿತು. 1986ರಲ್ಲಿ ಕಾರ್ಯಪ್ಪನವರಿಗೆ ಫೀಲ್ಡ್ ಮಾರ್ಷಲ್ ಪದವಿ ದೊರೆಯಿತು. ಆ ಪದವಿಗೆ ನಿವೃತ್ತಿಯಿಲ್ಲವಾದ್ದರಿಂದ, 1993ರಲ್ಲಿ ನಿಧನರಾಗುವವರೆಗೂ ಅವರು ಸೇವೆಯಲ್ಲಿರುವ ಅಧಿಕಾರಿಗಳಂತೆಯೇ ವಂದನೆಗೆ ಅರ್ಹರಾಗಿದ್ದರು.

ಮೂರು ಪಡೆಗಳ ವಂದನೆಯ ರೀತಿ ಒಂದೇ ಅಲ್ಲ. ಭೂಸೇನೆಯಲ್ಲಿ ಅಂಗೈ ಪೂರ್ಣವಾಗಿ ಎದುರಿನವರಿಗೆ ಕಾಣುತ್ತದೆ. ಪೊಲೀಸರದೂ ಇದೇ ಕ್ರಮ. ನೌಕಾಪಡೆಯಲ್ಲಿ ಅಂಗೈ ನೆಲದ ಕಡೆಗೆ ತಿರುಗಿರುತ್ತದೆ. ಹಡಗಿನ ಹಗ್ಗ ಮತ್ತು ಡಾಂಬರಿನ ಕೆಲಸದಿಂದ ಕೊಳೆಯಾದ ಅಂಗೈಯನ್ನು ಹಿರಿಯರಿಗೆ ತೋರಿಸಬಾರದೆಂದು ನಾವಿಕರು ಹೀಗೆ ಮಾಡತೊಡಗಿದರೆಂಬುದು ಪರಂಪರೆಯ ಹೇಳಿಕೆ. ವಾಯುಪಡೆಯವರು ಮೊದಲು ಭೂಸೇನೆಯಂತೆಯೇ ವಂದಿಸುತ್ತಿದ್ದರು. 2006ರಿಂದ ಅಂಗೈಯನ್ನು ನೆಲಕ್ಕೆ 45 ಡಿಗ್ರಿ ಕೋನದಲ್ಲಿ ಹಿಡಿಯುವ ಕ್ರಮ ಜಾರಿಗೆ ಬಂದಿದೆ.

ಸಭಾಂಗಣದೊಳಗೆ ಗೊಂದಲ ಹೆಚ್ಚು. ತಲೆಯ ಮೇಲೆ ಟೋಪಿ ಅಥವಾ ಪಗಡಿ ಇಲ್ಲದಾಗ ಕೈಯೆತ್ತಿ ವಂದಿಸುವ ವಾಡಿಕೆ ನಮ್ಮ ಪಡೆಗಳಲ್ಲಿಲ್ಲ. ಟೋಪಿಯನ್ನು ಕಂಕುಳಲ್ಲಿಟ್ಟು ಒಳಬಂದ ಅಧಿಕಾರಿ ಹಿರಿಯರನ್ನು ಕಂಡಾಗ ಸಾವಧಾನ ಭಂಗಿಯಲ್ಲಿ ನಿಂತು, ‘ಜೈ ಹಿಂದ್’ ಎಂದೋ ‘ಗುಡ್ ಮಾರ್ನಿಂಗ್, ಸರ್’ ಎಂದೋ ಹೇಳುವುದೇ ಪೂರ್ಣ ಗೌರವ. ಹಿರಿಯ ಅಧಿಕಾರಿ ಮಹಿಳೆಯಾಗಿದ್ದರೂ ಪದಶ್ರೇಣಿಯೇ ಪ್ರಮಾಣ.

ಪದನಾಮಗಳಂತೂ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವವರನ್ನು ಸುಲಭವಾಗಿ ದಾರಿ ತಪ್ಪಿಸುತ್ತವೆ. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಹಾಗೂ ವಾಯುಪಡೆಯ ಗ್ರೂಪ್ ಕ್ಯಾಪ್ಟನ್‌ಗೆ ಸಮಾನರು. ಭೂಸೇನೆಯ ಕ್ಯಾಪ್ಟನ್ನರಿಗಿಂತ ಮೂರು ಮೆಟ್ಟಿಲು ಮೇಲಿನವರು. ವಾಣಿಜ್ಯ ಹಡಗಿನ ಕ್ಯಾಪ್ಟನ್ನರ ಭುಜದ ಮೇಲೂ ನಾಲ್ಕು ಪಟ್ಟಿಗಳಿರುತ್ತವೆ. ನವಿ ಮುಂಬಯಿಯ ಸಮಾರಂಭಗಳಲ್ಲಿ ಇಂಥವರು ಮೂವರೂ ಒಂದೇ ಸಾಲಿನಲ್ಲಿ ಕುಳಿತಿರಬಹುದು. ವಾಣಿಜ್ಯ ನೌಕೆಯವರು ಗೌರವಾರ್ಹರೇ. ಆದರೆ ಅವರದು ರಾಷ್ಟ್ರಪತಿಯವರ ಕಮಿಷನ್ ಅಲ್ಲವಾದ್ದರಿಂದ ಸೇನೆಯ ವಂದನಾ ನಿಯಮ ಅವರಿಗೆ ಅನ್ವಯಿಸುವುದಿಲ್ಲ. ಸಂಘಟಕರು ಹೆಸರಿನೊಡನೆ ಪಡೆಯ ಹೆಸರನ್ನೂ ನಮೂದಿಸಿದರೆ ಆಸನ ವ್ಯವಸ್ಥೆಯಲ್ಲಿ ಯಾರಿಗೂ ಮುಜುಗರವಾಗದು.

ಇನ್ನು ನಾಗರಿಕರ ವಿಷಯ. 2002ರ ಭಾರತದ ಧ್ವಜಸಂಹಿತೆಯ ಪ್ರಕಾರ ಧ್ವಜಾರೋಹಣದ ವೇಳೆ ನೆರೆದವರೆಲ್ಲರೂ ಧ್ವಜಕ್ಕೆ ಅಭಿಮುಖವಾಗಿ ಸಾವಧಾನ ಭಂಗಿಯಲ್ಲಿ ನಿಲ್ಲಬೇಕು, ಸಮವಸ್ತ್ರದಲ್ಲಿರುವವರು ಯಥೋಚಿತವಾಗಿ ವಂದಿಸಬೇಕು. ಗಣ್ಯರು ಮಾತ್ರ ಟೋಪಿಯಿಲ್ಲದೆಯೂ ವಂದನೆ ಸ್ವೀಕರಿಸಬಹುದು. ಸಿನಿಮಾಗಳಲ್ಲಿ ಕಾಣುವಂತೆ ಎದೆಯ ಮೇಲೆ ಕೈಯಿರಿಸುವುದು ಅಮೆರಿಕದ ಪದ್ಧತಿ. ನಮ್ಮ ಸಂಹಿತೆ ಅದನ್ನು ಕೇಳುವುದಿಲ್ಲ.

ಇದನ್ನು ಅರಿಯದೆ ಆಡಿದ ಮಾತು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ 2015ರ ಗಣರಾಜ್ಯೋತ್ಸವವೇ ಸಾಕ್ಷಿ. ದೆಹಲಿಯಲ್ಲಿ ರಾಷ್ಟ್ರಪತಿಯವರು ವಂದನೆ ಸ್ವೀಕರಿಸುತ್ತಿದ್ದಾಗ ಉಪರಾಷ್ಟ್ರಪತಿ ಹಮೀದ್ ಅನ್ಸಾರಿಯವರು ಕೈಯೆತ್ತದೆ ಸಾವಧಾನವಾಗಿ ನಿಂತಿದ್ದರು. ಆ ಚಿತ್ರವನ್ನು ಮುಂದಿಟ್ಟು ಅವರ ದೇಶಭಕ್ತಿಯನ್ನೇ ಪ್ರಶ್ನಿಸಲಾಯಿತು. ಪ್ರಧಾನ ಗಣ್ಯರು ಮತ್ತು ಸಮವಸ್ತ್ರಧಾರಿಗಳು ವಂದಿಸುತ್ತಾರೆ, ನಾಗರಿಕ ಉಡುಪಿನಲ್ಲಿರುವ ಉಳಿದವರು ಸಾವಧಾನವಾಗಿ ನಿಲ್ಲುತ್ತಾರೆ ಎಂದು ಅವರ ಕಾರ್ಯಾಲಯ ವಿವರಣೆ ನೀಡಬೇಕಾಯಿತು. ಅದೇ ಉಪರಾಷ್ಟ್ರಪತಿಯವರು, ತಾವೇ ಪ್ರಧಾನ ಗಣ್ಯರಾಗಿದ್ದ ಎನ್‌ಸಿಸಿ ಶಿಬಿರದಲ್ಲಿ ಟೋಪಿ ಧರಿಸಿ ವಂದಿಸಿದ್ದರು. ನಿಯಮವನ್ನು ಪಾಲಿಸಿದವರೇ ಅಂದು ಆಪಾದನೆಗೆ ಗುರಿಯಾದುದು ವಿಷಾದದ ಸಂಗತಿ.

ಸಮವಸ್ತ್ರದಲ್ಲಿರುವವರು ತಮಗೆ ವಂದಿಸಿದಾಗ ನಾಗರಿಕ ಅತಿಥಿಗಳು ಅವರನ್ನು ಅನುಕರಿಸಿ ಹಣೆಗೆ ಕೈಯೊಯ್ಯಬೇಕಾಗಿಲ್ಲ. ಎದ್ದು ನಿಂತು ಕೈಜೋಡಿಸಿ ನಮಸ್ಕರಿಸಿದರೆ ಸಾಕು. ನೆರೆಮನೆಯ ನಿವೃತ್ತ ಅಧಿಕಾರಿಯನ್ನು ಬೆಳಗಿನ ತಿರುಗಾಟದಲ್ಲಿ ಕಂಡಾಗಲೂ ಅಷ್ಟೇ.