ಮೂಲೆ ಹಿಡಿದ ಹೇಂಟೆ

ಬೆಳಗ್ಗೆ ಗೂಡಿನ ಬಾಗಿಲು ತೆಗೆದೊಡನೆ ನಾಲ್ಕು ಕೋಳಿಗಳು ಒಂದನ್ನೊಂದು ತಳ್ಳಿಕೊಂಡು ಅಂಗಳಕ್ಕೆ ಓಡುತ್ತವೆ. ಐದನೆಯದು ಬರುವುದಿಲ್ಲ. ಪುಕ್ಕ ಉಬ್ಬಿಸಿಕೊಂಡು, ಕತ್ತನ್ನು ಒಳಕ್ಕೆಳೆದು, ಕಣ್ಣು ಅರ್ಧ ಮುಚ್ಚಿ ಮೂಲೆಯಲ್ಲಿ ತೂಕಡಿಸುತ್ತಿರುತ್ತದೆ. ಜುಟ್ಟಿನ ಕೆಂಪು ಮಾಸಿದೆ. ಎತ್ತಿಕೊಂಡರೆ ಎದೆಯ ನಡುಮೂಳೆ ಚಾಕುವಿನ ಬೆನ್ನಿನಂತೆ ಕೈಗೆ ತಾಗುತ್ತದೆ. ಕೆಳಹೊಟ್ಟೆ ಮಾತ್ರ ನೀರು ತುಂಬಿದ ಬಲೂನಿನಂತೆ ಬಿಗಿದಿದೆ. ಒಂದು ಹಿಡಿ ಅನ್ನ ಮುಂದಿಟ್ಟರೆ ಎರಡು ಅಗುಳು ಕುಕ್ಕುತ್ತದೆ. ಮನೆಯವರನ್ನು ಗೊಂದಲಕ್ಕೆ ಕೆಡವುವುದು ಆ ಎರಡು ಅಗುಳೇ. ತಿನ್ನುತ್ತಿದೆಯಲ್ಲ, ಹುಷಾರಾದೀತೆ? ಇಲ್ಲ, ಇನ್ನು ನರಳಲು ಬಿಡದೆ ಕಳಿಸಿಕೊಡುವುದೇ ಸರಿಯೆ?

ಮೊಟ್ಟೆ, ಮಾಂಸಕ್ಕೆಂದೇ ಸಾಕುವವರ ಮನೆಯಲ್ಲಿ ಈ ಪ್ರಶ್ನೆ ಏಳುವುದು ಅಪರೂಪ. ಕೋಳಿಗೆ ಹೆಸರಿಟ್ಟು ಸಾಕುವ ಮನೆಗಳಲ್ಲಿ ಏಳುತ್ತದೆ. ಬ್ರಿಟನ್‌ನಲ್ಲಿ ಅಂಥ ಮನೆಗಳು ಬಹಳ. ಅಲ್ಲಿ ಜೇನ್ ಹೋವರ್ತ್ 2005ರಲ್ಲಿ ಕಟ್ಟಿದ, ಈಗ ಬ್ರಿಟಿಷ್ ಹೆನ್ ವೆಲ್ಫೇರ್ ಟ್ರಸ್ಟ್ ಎಂದು ಕರೆಸಿಕೊಳ್ಳುವ ಸಂಸ್ಥೆ, ಮೊಟ್ಟೆ ಫಾರಂಗಳಿಂದ ಕಸಾಯಿಖಾನೆಗೆ ಹೋಗಬೇಕಿದ್ದ ಒಂದೂವರೆ ವರ್ಷದ ಕೋಳಿಗಳನ್ನು ತಂದು ಸಾಕುವವರ ಮಡಿಲಿಗೆ ಹಾಕುತ್ತದೆ. ಹಿತ್ತಿಲಿನ ಹುಲ್ಲು, ಬಿಸಿಲು, ಮಣ್ಣುಸ್ನಾನ ಎಲ್ಲ ಸಿಕ್ಕಿ ಅವು ಪುಕ್ಕ ತುಂಬಿಕೊಳ್ಳುತ್ತವೆ. ಆಮೇಲೆ ಒಂದೆರಡು ವರ್ಷದಲ್ಲಿ ಹೊಟ್ಟೆಯ ಕಾಯಿಲೆ ಶುರುವಾಗುತ್ತದೆ. ಇದು ಸಾಕುವವರ ತಪ್ಪಲ್ಲ. ಆ ದೇಹವನ್ನು ಮನುಷ್ಯ ತಿದ್ದಿರುವ ರೀತಿಯೇ ಹಾಗಿದೆ.

ನಮ್ಮ ಕೋಳಿಗಳ ಮೂಲಪುರುಷ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಅದರ ಹೇಂಟೆ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ. ಇಟ್ಟು ಕಾವಿಗೆ ಕೂರುತ್ತದೆ, ಅಂಡಾಶಯಕ್ಕೆ ಬಿಡುವು ಸಿಗುತ್ತದೆ. ಇಂದಿನ ಫಾರಂ ತಳಿ ವರ್ಷಕ್ಕೆ 300 ದಾಟುತ್ತದೆ. ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅಂದರೆ ಎರಡು ಕಿಲೋ ತೂಗುವ ಹಕ್ಕಿ ವರ್ಷಕ್ಕೆ 600 ಗ್ರಾಂ ಕ್ಯಾಲ್ಸಿಯಂ ಹೊರಹಾಕುತ್ತದೆ. ಮೇವಿನಲ್ಲಿ ಸಾಲದೆ ಬಂದಾಗ ಆ ಸಾಲ ತೀರುವುದು ಮೂಳೆಯಿಂದ.

ಮೊಟ್ಟೆ ತಯಾರಾಗುವ ವ್ಯವಸ್ಥೆಯಲ್ಲಿ ಎಡವಲು ಜಾಗಗಳು ಬೇಕಾದಷ್ಟಿವೆ. ಹೇಂಟೆಗೆ ಕೆಲಸ ಮಾಡುವ ಅಂಡಾಶಯ ಎಡಗಡೆಯದೊಂದೇ. ಅಲ್ಲಿಂದ ಕಳಚಿದ ಹಳದಿ ಭಂಡಾರವನ್ನು ಆಲಿಕೆಯಂಥ ಬಾಯಿ ಹಿಡಿದುಕೊಂಡು ಅಂಡನಾಳಕ್ಕೆ ಇಳಿಸಬೇಕು. ಚಿಪ್ಪು ಸೇರಿ ಹೊರಬರಲು ಒಂದು ದಿನಕ್ಕಿಂತ ತುಸು ಹೆಚ್ಚೇ ಬೇಕು. ಹಿಡಿತ ತಪ್ಪಿದರೆ ಭಂಡಾರ ಹೊಟ್ಟೆಯೊಳಗೇ ಬೀಳುತ್ತದೆ. ಅದಕ್ಕೆ ಇ. ಕೊಲಿಯಂಥ ಬ್ಯಾಕ್ಟೀರಿಯಾ ಸೇರಿದರೆ ಒಳಪೊರೆಯೆಲ್ಲ ಉರಿಯೂತ. ಇನ್ನು ಕೆಲವು ಕೋಳಿಗಳಿಗೆ ಅಂಡನಾಳವೇ ಗಟ್ಟಿ ಕೀವಿನಿಂದ ತುಂಬಿಕೊಳ್ಳುತ್ತದೆ. ಮತ್ತೆ ಕೆಲವಕ್ಕೆ ಕ್ಯಾನ್ಸರ್. ಎಲ್ಲದರ ಕೊನೆಯೂ ಹೆಚ್ಚುಕಡಿಮೆ ಒಂದೇ: ಜಲೋದರ. ಹೊಟ್ಟೆಯ ಭಾರಕ್ಕೆ ಹೇಂಟೆ ಪೆಂಗ್ವಿನ್‌ನಂತೆ ನೆಟ್ಟಗೆ ನಿಲ್ಲತೊಡಗುತ್ತದೆ.

ಕೋಳಿಯ ಈ ಕ್ಯಾನ್ಸರಿನ ಮೇಲೆ ಮನುಷ್ಯರ ವೈದ್ಯರಿಗೂ ಕಣ್ಣಿದೆ. ಬಿಡುವಿಲ್ಲದ ಅಂಡೋತ್ಪತ್ತಿಯೇ ಅಂಡಾಶಯದ ಕ್ಯಾನ್ಸರಿಗೆ ದಾರಿ ಮಾಡುತ್ತದೆಯೇ ಎಂಬ ಊಹೆಯನ್ನು ಈಜಿಪ್ಟಿನ ವೈದ್ಯ ಮಹಮೂದ್ ಫತಲ್ಲಾ 1971ರಲ್ಲಿ ಮುಂದಿಟ್ಟರು. ತಾನಾಗಿಯೇ ಈ ಕಾಯಿಲೆಗೆ ತುತ್ತಾಗುವ ಪ್ರಾಣಿಗಳು ವಿರಳ, ಮೊಟ್ಟೆಕೋಳಿ ಅವುಗಳಲ್ಲೊಂದು. ಅದಕ್ಕೇ ಅದು ಸಂಶೋಧಕರ ಮಾದರಿಯಾಯಿತು. ಕೆಲವು ಹಿಂಡುಗಳಲ್ಲಿ ನಾಲ್ಕು ವರ್ಷ ತುಂಬುವ ಹೊತ್ತಿಗೆ ಮೂರರಲ್ಲೊಂದು ಹೇಂಟೆಗೆ ಗಡ್ಡೆ ಕಂಡದ್ದುಂಟು. ಕೋಳಿಯ ಆಯಸ್ಸೇ ಕಡಿಮೆಯೆಂದಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಪೀನಟ್ ಎಂಬ ಗಿಡ್ಡತಳಿಯ ಹೇಂಟೆ 20 ವರ್ಷ ದಾಟಿ ಗಿನ್ನೆಸ್ ದಾಖಲೆ ಸೇರಿತು. ಅದು ಫಾರಂ ತಳಿಯ ಮೊಟ್ಟೆಯಂತ್ರವಾಗಿರಲಿಲ್ಲ.

ಕಾಯಿಲೆ ಇಷ್ಟು ದೊಡ್ಡದಾಗುವವರೆಗೆ ಮನೆಯವರಿಗೆ ಗೊತ್ತಾಗದೆ ಹೋಗುವುದೇಕೆ? ಕೋಳಿ ಅದನ್ನು ಮುಚ್ಚಿಡುತ್ತದೆ. ಹದ್ದು, ಬಾವುಗಗಳ ಬಾಯಿಗೆ ಆಹಾರವಾಗುವ ಹಕ್ಕಿ ಕುಂಟುವುದನ್ನು ತೋರಿಸಿಕೊಂಡರೆ ಉಳಿಯುವುದಿಲ್ಲ. ಹಿಂಡಿನೊಳಗೂ ದಯೆಯಿಲ್ಲ. ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲುಕೀಳಿನ ಸಾಲನ್ನು ನಾರ್ವೆಯ ಥೋರ್ಲೀಫ್ ಶೆಲ್ಡರುಪ್-ಎಬ್ಬೆ 1921ರಲ್ಲೇ ವಿವರಿಸಿದ್ದರು. ಸೊರಗಿದ ಹೇಂಟೆ ಆ ಸಾಲಿನಲ್ಲಿ ದಿಢೀರನೆ ಕೆಳಗಿಳಿಯುತ್ತದೆ, ನಿನ್ನೆಯವರೆಗೆ ಹೆದರುತ್ತಿದ್ದವೇ ಬಂದು ತಲೆ ಕುಕ್ಕುತ್ತವೆ. ಆದ್ದರಿಂದ ಬಲವಿರುವಷ್ಟು ದಿನ ಅದು ಹುಷಾರಾಗಿರುವಂತೆ ನಟಿಸುತ್ತದೆ. ಮೂಲೆ ಹಿಡಿಯಿತು ಎಂದರೆ ನಟಿಸುವ ಬಲವೂ ತೀರಿತು ಎಂದೇ ಅರ್ಥ.

ಈಗ ಆ ಎರಡು ಅಗುಳಿನ ವಿಷಯಕ್ಕೆ ಬರೋಣ. ತಿನ್ನುತ್ತಿದ್ದರೆ ನೋವಿಲ್ಲವೆಂದೆ? ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯ ಮೈಕೆಲ್ ಜೆಂಟಲ್ 1990ರ ದಶಕದಲ್ಲಿ ಕೋಳಿಗಳ ಕಾಲಿನ ಕೀಲಿಗೆ ಯೂರಿಕ್ ಆಮ್ಲದ ಲವಣ ಚುಚ್ಚಿ ತಾತ್ಕಾಲಿಕ ಗೌಟ್ ಬರಿಸಿ ನೋಡಿದರು. ಹಕ್ಕಿಗಳು ಆ ಕಾಲನ್ನು ಎತ್ತಿಕೊಂಡು ಒಂಟಿಕಾಲಲ್ಲಿ ನಿಂತವು, ಕುಂಟಿದವು. ಅವನ್ನೇ ಹೊಸ ಜಾಗಕ್ಕೆ ಬಿಟ್ಟಾಗಲೋ, ಮೊಟ್ಟೆಯಿಡುವ ತವಕ ಹತ್ತಿದಾಗಲೋ ಕುಂಟು ಬಹುಮಟ್ಟಿಗೆ ಮಾಯ! ಗಮನ ಬೇರೆಡೆಗೆ ಹರಿದಾಗ ನೋವಿನ ಲಕ್ಷಣಗಳು ಹಿಂದೆ ಸರಿದಿದ್ದವು. ಇಷ್ಟದ ತಿಂಡಿ ಕಂಡು ಎದ್ದುಬಂದ ಹೇಂಟೆಯನ್ನು ನೋಡಿ ಸಮಾಧಾನಪಡುವವರು ಈ ಪ್ರಯೋಗವನ್ನು ನೆನಪಿಟ್ಟುಕೊಳ್ಳಬೇಕು. ಆ ಐದು ನಿಮಿಷದ ಉತ್ಸಾಹ ಉಳಿದ ದಿನದ ಲೆಕ್ಕ ಹೇಳುವುದಿಲ್ಲ.

ಕೋಳಿಗೆ ನೋವಾಗುತ್ತದೆ ಎಂಬುದಕ್ಕೆ ಇನ್ನೂ ನೇರವಾದ ಸಾಕ್ಷಿಯನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದರು. ಮಾಂಸದ ಕೋಳಿಗಳ ಮುಂದೆ ಎರಡು ಬಣ್ಣದ ಮೇವು ಇಟ್ಟರು. ಒಂದರಲ್ಲಿ ಕಾರ್ಪ್ರೊಫೆನ್ ಎಂಬ ನೋವುನಿವಾರಕ ಬೆರೆತಿತ್ತು. ಕುಂಟುವ ಕೋಳಿಗಳು ಔಷಧಿಯ ಮೇವನ್ನೇ ಹೆಚ್ಚು ಆರಿಸಿಕೊಂಡವು. ಕುಂಟು ಜೋರಾದಷ್ಟೂ ಆ ಬಣ್ಣದ ಮೇವು ಖರ್ಚಾಯಿತು. ಮಾತು ಬಾರದ ಹಕ್ಕಿ ತನ್ನ ಔಷಧಿಯನ್ನು ತಾನೇ ಅಳೆದು ತಿಂದಿತ್ತು.

ಹಾಗಾದರೆ ಮನೆಯಲ್ಲಿ ನೋಡಬೇಕಾದ್ದೇನು? ಮೊದಲನೆಯದು ತಕ್ಕಡಿ. ಪುಕ್ಕದ ಹೊದಿಕೆ ಕಣ್ಣಿಗೆ ಮೋಸ ಮಾಡುತ್ತದೆ, ತೂಕ ಮಾಡುವುದಿಲ್ಲ. ಎರಡು ಕಿಲೋ ಹೇಂಟೆ ಒಂದು ವಾರದಲ್ಲಿ 200 ಗ್ರಾಂ ಕಳೆದುಕೊಂಡರೆ ಅದು ಸಣ್ಣ ಮಾತಲ್ಲ. ಎರಡನೆಯದು ಕತ್ತಿನ ಬುಡದ ಕಾಳಿನ ಚೀಲ. ರಾತ್ರಿ ಗೂಡು ಸೇರುವಾಗ ತುಂಬಿರಬೇಕು, ಬೆಳಗ್ಗೆ ಬರಿದಾಗಿರಬೇಕು. ಬೆಳಗ್ಗೆಯೂ ಹಿಟ್ಟಿನ ಮುದ್ದೆಯಂತೆ ಉಬ್ಬಿದ್ದರೆ ಕೆಳಗೆಲ್ಲೋ ದಾರಿ ಕಟ್ಟಿದೆ. ಮೂರನೆಯದು ಹಿಕ್ಕೆ. ದಿನಕ್ಕೆ ಕೆಲವು ಸಲ ಬೀಳುವ ಕಂದುಬಣ್ಣದ ಅಂಟು ಹಿಕ್ಕೆಯನ್ನು ಕಂಡು ಹೆದರಬೇಕಿಲ್ಲ, ಅದು ಸಹಜ. ಗಿಳಿಹಸಿರು ಹಿಕ್ಕೆ ಬಂದರೆ ಹೊಟ್ಟೆಗೆ ಮೇವೇ ಹೋಗಿಲ್ಲ, ಬರಿಯ ಪಿತ್ತರಸ ಇಳಿಯುತ್ತಿದೆ.

ಇವನ್ನೆಲ್ಲ ಒಂದು ಅಂದಾಜಿಗೆ ತರಲು ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲಾಲೊಬೋಸ್ 2004ರಲ್ಲಿ ಒಂದು ಪಟ್ಟಿ ಮಾಡಿದರು. ನೋವು ಹಿಡಿತದಲ್ಲಿದೆಯೆ, ಹಸಿವು ಇದೆಯೆ, ನೀರು ಕುಡಿಯುತ್ತಿದೆಯೆ, ಮೈ ಶುಚಿಯಾಗಿದೆಯೆ, ಲವಲವಿಕೆ ಇದೆಯೆ, ನಡೆದಾಡುತ್ತದೆಯೆ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೆ ಎಂಬ ಏಳು ಪ್ರಶ್ನೆ. ಒಂದೊಂದಕ್ಕೂ ಹತ್ತರಲ್ಲಿ ಅಂಕ. ಒಟ್ಟು 35 ಮೀರಿದರೆ ಆರೈಕೆ ಮುಂದುವರಿಸಬಹುದು. ಇದು ಸಾಕುಪ್ರಾಣಿಗಳಿಗಾಗಿ ಹುಟ್ಟಿದ ಪಟ್ಟಿ. ಕೋಳಿಗೆ ಬಳಸುವಾಗ ಪ್ರಶ್ನೆಗಳನ್ನು ಕೋಳಿಯ ಬದುಕಿಗೆ ಒಗ್ಗಿಸಬೇಕು. ಮಣ್ಣು ಕೆದಕುತ್ತದೆಯೆ, ಮಣ್ಣುಸ್ನಾನಕ್ಕೆ ಹೋಗುತ್ತದೆಯೆ, ಸಂಜೆ ಕೂರುಗೋಲಿಗೆ ಹಾರುತ್ತದೆಯೆ, ಕೊಕ್ಕಿನಿಂದ ಪುಕ್ಕ ತಿದ್ದಿಕೊಳ್ಳುತ್ತದೆಯೆ. ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು, ಕೆಟ್ಟ ದಿನಕ್ಕೊಂದು ಗುರುತು ಹಾಕುತ್ತ ಬಂದರೆ ಎರಡು ವಾರದಲ್ಲಿ ಚಿತ್ರ ತಿಳಿಯಾಗುತ್ತದೆ.

ಆದರೆ ಅಂಕಕ್ಕಿಂತ ಮೊದಲು ರೋಗದ ಹೆಸರು ಬೇಕು. ಹುಳು, ಹೇನು, ರಕ್ತಭೇದಿ, ಪಾದದ ಬಾವು ಇವಕ್ಕೆಲ್ಲ ಮದ್ದಿದೆ. ಮೊಟ್ಟೆ ಸಿಕ್ಕಿಕೊಂಡು ಮುಕ್ಕುತ್ತಿರುವ ಹೇಂಟೆ ಸಾಯುವಂತೆ ಕಂಡರೂ ಕ್ಯಾಲ್ಸಿಯಂ, ಶಾಖ ಸಿಕ್ಕಿದರೆ ಸಂಜೆಗೆ ಎದ್ದು ಓಡಾಡಬಹುದು. ಜಲೋದರದ ನೀರನ್ನು ವೈದ್ಯರು ಸೂಜಿಯಿಂದ ತೆಗೆದರೆ ಉಸಿರು ಹಗುರವಾಗುತ್ತದೆ. ಮೂಲ ವಾಸಿಯಾಗದಿದ್ದರೆ ನೀರು ಮತ್ತೆ ತುಂಬುತ್ತದೆ. ಬ್ರಿಟನ್‌ನಲ್ಲಿ ಮೊಟ್ಟೆಯಿಡುವುದನ್ನೇ ಕೆಲವು ತಿಂಗಳು ನಿಲ್ಲಿಸುವ ಹಾರ್ಮೋನ್ ಗುಳಿಗೆಯನ್ನು ಚರ್ಮದಡಿ ಇಡುವುದೂ ಉಂಟು. ಮಾರೆಕ್ ರೋಗದಲ್ಲಿ ಮಾತ್ರ ಎಲ್ಲರೂ ಕೈಚೆಲ್ಲುತ್ತಾರೆ. ಹಂಗೇರಿಯ ಯೋಸೆಫ್ ಮಾರೆಕ್ 1907ರಲ್ಲಿ ವಿವರಿಸಿದ ಈ ವೈರಸ್ ಕಾಯಿಲೆಯಲ್ಲಿ ಎಳೆಯ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದುಕೊಳ್ಳುತ್ತದೆ. ಮೊಟ್ಟೆಯೊಡೆದ ದಿನವೇ ಹಾಕುವ ಲಸಿಕೆ ಇದೆ. ರೋಗ ಬಂದ ಮೇಲೆ ಮದ್ದಿಲ್ಲ.

ಮದ್ದಿಗೆ ಇನ್ನೊಂದು ತೊಡಕು ಕಾನೂನಿನದು. ಅಮೆರಿಕ, ಬ್ರಿಟನ್ ಎರಡೂ ಕಡೆ ಹೆಸರಿಟ್ಟು ಸಾಕಿದ ಕೋಳಿಯೂ ಕಾಗದದ ಮೇಲೆ ಆಹಾರದ ಪ್ರಾಣಿಯೇ. ಮೊಟ್ಟೆಯಲ್ಲಿ ಉಳಿಕೆ ಬರುವ ಭಯದಿಂದ ನಾಯಿಗೆ ಕೊಡುವ ಎಷ್ಟೋ ಔಷಧಿ ಕೋಳಿಗೆ ಕೊಡುವಂತಿಲ್ಲ. ಎನ್ರೋಫ್ಲಾಕ್ಸಸಿನ್ ಎಂಬ ಪ್ರತಿಜೀವಕವನ್ನು ಅಮೆರಿಕ 2005ರಲ್ಲಿ ಕೋಳಿಗಳಿಗೆ ನಿಷೇಧಿಸಿತು.

ಕಳಿಸಿಕೊಡುವುದೇ ಸರಿ ಎಂದಾದರೆ, ಹೇಗೆ ಎಂಬುದು ಮುಂದಿನ ಮಾತು. ಪಶುವೈದ್ಯರು ಸಾಮಾನ್ಯವಾಗಿ ಅರಿವಳಿಕೆ ಅನಿಲ ಉಸಿರಾಡಿಸಿ, ಪ್ರಜ್ಞೆ ಹೋದ ಮೇಲೆ ಪೆಂಟೊಬಾರ್ಬಿಟಾಲ್ ಎಂಬ ಔಷಧಿ ಚುಚ್ಚುತ್ತಾರೆ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುವುದರಿಂದ ಅನಿಲ ಬೇಗ ಹತ್ತುತ್ತದೆ. ಅಲ್ಲಿಯವರೆಗೆ ಎತ್ತಿಹಿಡಿಯುವವರು ಜೋಪಾನ: ಕೋಳಿಗೆ ವಪೆಯಿಲ್ಲ, ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಅಪ್ಪಿ ಹಿಡಿದರೆ ಉಸಿರು ಕಟ್ಟುತ್ತದೆ. ಜಲೋದರದ ಹೇಂಟೆಯನ್ನಂತೂ ಬೆನ್ನ ಮೇಲೆ ಮಲಗಿಸಲೇಬಾರದು. ಕತ್ತಿನ ಮೂಳೆ ಕಳಚುವ ವಿಧಾನವನ್ನು ಅಮೆರಿಕದ ಪಶುವೈದ್ಯರ ಸಂಘ ಪಳಗಿದ ಕೈಗಳಿಗೆ ಮಾತ್ರ ಒಪ್ಪುತ್ತದೆ. ನೀರಲ್ಲಿ ಮುಳುಗಿಸುವುದು, ಫ್ರೀಜರಿನಲ್ಲಿಡುವುದು ಯಾರಿಗೂ ಒಪ್ಪಿತವಲ್ಲ.

ಪಳಗದ ಕೈ ಏನು ಮಾಡಬಹುದು ಎನ್ನುವುದಕ್ಕೆ ಮೈಕ್ ಎಂಬ ಹುಂಜದ ಕತೆ ಸಾಕು. 1945ರ ಸೆಪ್ಟೆಂಬರಿನಲ್ಲಿ ಕೊಲರಾಡೊದ ಫ್ರೂಟಾ ಊರಿನಲ್ಲಿ ಊಟಕ್ಕೆಂದು ಕತ್ತರಿಸಿದ ಹುಂಜ ಸಾಯಲೇ ಇಲ್ಲ. ಏಟು ಮೇಲಾಗಿ ಬಿದ್ದು ಮಿದುಳಿನ ಕಾಂಡ ಉಳಿದುಕೊಂಡಿತ್ತು. ಗಂಟಲಿಗೆ ಹನಿ ಹನಿಯಾಗಿ ಆಹಾರ ಬಿಡುತ್ತ 18 ತಿಂಗಳು ಅದನ್ನು ಊರೂರಿಗೆ ಪ್ರದರ್ಶನಕ್ಕೆ ಒಯ್ದರು.

ನಮ್ಮ ಹಳ್ಳಿಗಳಲ್ಲಿ ಸೊರಗಿದ ಕೋಳಿಯನ್ನು ಸಾಯುವ ಮುಂಚೆ ಕೊಯ್ದು ಸಾರಿಗೆ ಹಾಕುವ ರೂಢಿ ಹಳೆಯದು. ನೋವು ಬೇಗ ಮುಗಿಯಿತು ಎನ್ನಬಹುದಾದರೂ ಇದರಲ್ಲಿ ಅಪಾಯವಿದೆ. ರೈತರು ಕೊಕ್ಕರೆ ರೋಗ ಎನ್ನುವ ರಾಣಿಖೇತ್ ರೋಗದಲ್ಲೂ, ಹಕ್ಕಿಜ್ವರದಲ್ಲೂ ಮೊದಲ ಲಕ್ಷಣ ಇದೇ ತೂಕಡಿಕೆ. 2020ರಲ್ಲಿ ಮೈಸೂರಿನಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಕಾಯಿಲೆ ಕೋಳಿಯನ್ನು ಕೊಯ್ಯುವ, ಪುಕ್ಕ ಕೀಳುವ ಕೈಗೇ ಸೋಂಕು ಮೊದಲು ತಗಲುವುದು. ಪೆಂಟೊಬಾರ್ಬಿಟಾಲ್ ಕೊಟ್ಟ ಕೋಳಿಯನ್ನು ತಿನ್ನುವಂತಿಲ್ಲ, ತಿಪ್ಪೆಗೂ ಎಸೆಯುವಂತಿಲ್ಲ. ಅದನ್ನು ತಿಂದ ನಾಯಿಯೂ ಹದ್ದೂ ಸಾಯುತ್ತವೆ. ಆಳವಾಗಿ ಹೂಳಬೇಕು.

ಹೂಳುವ ಮುನ್ನ ಮರಣೋತ್ತರ ಪರೀಕ್ಷೆಗೆ ಅವಕಾಶವಿದೆಯೇ ಎಂದು ಕೇಳಿ. ಅಂಡಾಶಯದ ಕ್ಯಾನ್ಸರ್ ಎಂದು ತಿಳಿದರೆ ಅಂಗಳದಲ್ಲಿ ಉಳಿದ ನಾಲ್ಕಕ್ಕೆ ಅಂಟುವ ಭಯವಿಲ್ಲ. ಮಾರೆಕ್ ಅಥವಾ ರಾಣಿಖೇತ್ ಸಿಕ್ಕಿದರೆ ಗೂಡು ತೊಳೆಯುವುದರಿಂದ ಹಿಡಿದು ಹೊಸ ಮರಿಗಳ ಲಸಿಕೆಯವರೆಗೆ ಮಾಡಬೇಕಾದ್ದು ಬಹಳವಿದೆ. ಮೃತದೇಹವನ್ನು ಕೈಗವಸು ಹಾಕಿ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆಹಾರದಿಂದ ದೂರ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂಪಾಗಿಡಿ. ಹೆಪ್ಪುಗಟ್ಟಿಸಿದರೆ ಅಂಗಾಂಶ ಕೆಡುತ್ತದೆ. ಒಂದು ದಿನದೊಳಗೆ ತಲುಪಿಸಿ. ಹತ್ತಿರದ ಪಶು ಆಸ್ಪತ್ರೆ ತಿಳಿಯದಿದ್ದರೆ ಪಶು ಸಹಾಯವಾಣಿಯ ಸಂಖ್ಯೆ 1962.